ಐದನೇ ಜಮಾತಿನ ನಕಾಶೆ

ಕಳೆದ ತಿಂಗಳು ಹುಮನಾಬಾದಿನಲ್ಲಿ ಮೊಮ್ಮಗಳ ಮನೆಯ ಬಾಗಿಲು ತಟ್ಟಿದರೆ, ತೆರೆದವಳ ಮುಖವೇ ಕಾಣಲಿಲ್ಲ. ಹಣೆಯಿಂದ ಗದ್ದದವರೆಗೆ ಮಣ್ಣು ಬಳಿದುಕೊಂಡು ನಿಂತಿದ್ದಳು. "ಮುಲ್ತಾನಿ ಮಿಟ್ಟಿ ಅಜ್ಜಿ, ಮಾರಿ ಬೆಳ್ಳಗಾಗ್ತದ" ಎಂದಳು, ತುಟಿ ಅಲುಗಿಸದೆ. ಅಲುಗಿಸಿದರೆ ಬಳಿದದ್ದೆಲ್ಲ ಬಿರಿಯುತ್ತದಂತೆ. ಅವಳ ಮಾರಿಯ ಚಿಂತೆ ನನಗಿಲ್ಲ, ಇದ್ದದ್ದೇ ಚೆನ್ನಾಗಿದೆ. ಆದರೆ ಆ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ನಾವು ಆ ಮಣ್ಣನ್ನು ಮುಖಕ್ಕಲ್ಲ, ಬರೆಯುವ ಹಲಗೆಗೆ ಬಳಿಯುತ್ತಿದ್ದೆವು. ಬಳಿದು, ಬಿಸಿಲಿಗೆ ಒಣಗಿಸಿ, ಜೊಂಡಿನ ಲೇಖನಿಯಿಂದ ಕಪ್ಪು ಮಸಿಯಲ್ಲಿ ಉರ್ದು ಬರೆಯುವುದು. ಬರೆದದ್ದನ್ನು ನಮ್ಮ ಮಾಸ್ತರಿಣಿ ಉಸ್ತಾನಿಬೀ ನೋಡಿದ ಮೇಲೆ ತೊಳೆದು, ಮತ್ತೆ ಬಳಿಯುವುದು. ಐದನೇ ಜಮಾತಿನ, ಎಂದರೆ ಐದನೇ ತರಗತಿಯ, ಆ ಮಳೆಗಾಲ ಪೂರ್ತಿ ನನ್ನ ಉಗುರುಸಂದಿಯಲ್ಲಿ ಆ ಮಣ್ಣಿತ್ತು.

ನಮ್ಮೂರಿಗೆ ಆಗ ಬಸವಕಲ್ಯಾಣ ಎಂಬ ಹೆಸರಿರಲಿಲ್ಲ, ಎಲ್ಲರೂ ಕಲ್ಯಾಣಿ ಅನ್ನುತ್ತಿದ್ದರು. ನಿಜಾಮರ ಕಾಲ. ಎಲ್ಲೋ ದೊಡ್ಡ ಲಡಾಯಿ ನಡೆದಿತ್ತು. ಅದರಿಂದ ನಮಗೆ ತಟ್ಟಿದ್ದೆಂದರೆ ಸೀಮೆಎಣ್ಣೆ ಸಿಗದದ್ದು ಮತ್ತು ಕಾಗದ ಸಿಗದದ್ದು, ಅಷ್ಟೇ. ಕಿಲ್ಲೆಯ ಕಡೆಗೆ ಹೋಗುವ ಓಣಿಯಲ್ಲಿ, ಎತ್ತರದ ಗೋಡೆಯ ಹಳೆಯ ಮನೆಯೊಂದರಲ್ಲಿ ಹುಡುಗಿಯರ ಶಾಲೆ ಇತ್ತು. ಐದನೇ ಜಮಾತೇ ಕೊನೆ. ಅದರ ಮುಂದೆ ಹುಡುಗರಿಗೆ ಬೇರೆ ಶಾಲೆ, ಹುಡುಗಿಯರಿಗೆ ಮದುವೆ.

ನನ್ನದೂ ಗೊತ್ತಾಗಿತ್ತು. ಅವ್ವನ ತವರು ಹುಮನಾಬಾದು. ಅಲ್ಲಿ ಅವಳ ಅಣ್ಣನ ಮಗನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಹುಡುಗ ಕೆಟ್ಟವನಲ್ಲ, ಸದಾ ಮೂಗು ಸೋರುತ್ತಿತ್ತು ಅಷ್ಟೇ. ಅಪ್ಪನಿಗೆ ಕಿರಾಣಿ ಅಂಗಡಿ ಇತ್ತು, ಮಾತು ಕಡಿಮೆ. ಆ ವರ್ಷ ಒಂದು ದಿನ ಉಸ್ತಾನಿಬೀ ಅಂಗಡಿಯ ಮುಂದೆ ನಿಂತು, "ಈ ಸಲ ತಪಾಸಣೆ ಚಲೋ ಆತಂದ್ರ ಆರನೇ ಜಮಾತು ಮಂಜೂರಾಗ್ತದರಿ. ನಿಮ್ಮ ನೀಲಾನ ಬಿಡಿಸಬ್ಯಾಡ್ರಿ" ಎಂದು ಕೇಳಿದಾಗ ಅವನು ಬೆಲ್ಲದ ಪೆಂಟೆ ಒಡೆಯುತ್ತಲೇ, "ಆಗ್ಲಿ ಬಿಡ್ರಿ. ಇಲ್ಲೇ ಆರನೇದು ಆತಂದ್ರ ಓದ್ಲಿ. ಇಲ್ಲಾಂದ್ರ ಮುಂದಿಂದು ಮುಂದ" ಎಂದಿದ್ದ. ಮುಂದಿನದು ಏನೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಆ ಮಾತು ಕೊಟ್ಟದ್ದು ಆರನೆಯದು ಆಗುವುದಿಲ್ಲ ಎಂಬ ಧೈರ್ಯದ ಮೇಲೆ. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನಗೆ ಓದು ಬೇಕಿತ್ತು. ಯಾಕೆ ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ, ಈಗಲೂ ಸರಿಯಾಗಿ ಬರುವುದಿಲ್ಲ.

ಉಸ್ತಾನಿಬೀಯ ಹೆಸರು ರಹಮತಬೀ. ಅವರೂ ಹುಮನಾಬಾದಿನವರೇ. ಗಂಡ ತೀರಿಕೊಂಡ ಮೇಲೆ ನೌಕರಿಗೆ ಸೇರಿ, ಶಾಲೆಯ ಹಿಂದಿನ ಕೋಣೆಯಲ್ಲೇ ಇದ್ದರು. ಎಲ್ಲ ಪಾಠವೂ ಅವರದೇ. ಪುಸ್ತಕ ಉರ್ದು, ವಿವರಣೆ ನಮ್ಮ ಕನ್ನಡ, ಬೈಗುಳ ಎರಡರಲ್ಲೂ. ಕನ್ನಡದ ಅಕ್ಷರ ಶಾಲೆಯಲ್ಲಿ ಇರಲಿಲ್ಲ, ಅದನ್ನು ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಬೆರಳಿನಿಂದ ಬರೆದು ಕಲಿಸಿದ್ದ. ಹೀಗಾಗಿ ನನಗೆ ಬಲಗಡೆಯಿಂದಲೂ ಓದಲು ಬರುತ್ತಿತ್ತು, ಎಡಗಡೆಯಿಂದಲೂ ಬರುತ್ತಿತ್ತು.

ಲೆಕ್ಕದಲ್ಲಿ ಆ ವರ್ಷ ಭಿನ್ನರಾಶಿ ಬಂತು. ಉಸ್ತಾನಿಬೀ ಒಂದು ಜೋಳದ ರೊಟ್ಟಿಯನ್ನು ಮುಂದಿಟ್ಟು ಅರ್ಧ, ಪಾವು, ಅರೆಪಾವು ಎಂದು ಮುರಿದು ತೋರಿಸಿ, ಕೊನೆಗೆ ತುಂಡುಗಳನ್ನು ನಮಗೇ ಹಂಚಿಬಿಡುತ್ತಿದ್ದರು. ಭಿನ್ನರಾಶಿ ನಮಗೆ ಬೇಗ ಬಂತು. ಇತಿಹಾಸದಲ್ಲಿ ಬಾದಶಹರು ಒಬ್ಬರ ಹಿಂದೆ ಒಬ್ಬರು ತಖ್ತಿಗೆ ಏರಿ ಇಳಿಯುತ್ತಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಜುಬೇದಾ, ಬಳೆಗಾರರ ಮಗಳು, "ಇವ್ರಿಗಿ ಮನ್ಯಾಗ ಕೆಲಸ ಇರಲಿಲ್ಲೇನ?" ಎಂದು ಕೇಳಿ ಒಮ್ಮೆ ಗೋಡೆಗೆ ಮುಖ ಮಾಡಿ ನಿಂತಳು. ಹೊಲಿಗೆ ಪಾಠದಲ್ಲಿ ಅವಳು ನನ್ನ ಕುಪ್ಪಸದ ತೋಳು ಹೊಲಿದುಕೊಡುತ್ತಿದ್ದಳು, ನಾನು ಅವಳ ಲೆಕ್ಕ ಮಾಡಿಕೊಡುತ್ತಿದ್ದೆ. ಇಬ್ಬರೂ ಪಾಸು.

ಆರೋಗ್ಯದ ಪಾಠವನ್ನು ಮಾತ್ರ ಉಸ್ತಾನಿಬೀ ನಗದೆ ಮಾಡುತ್ತಿದ್ದರು. ನಮ್ಮ ಸೀಮೆಯಲ್ಲಿ ಆಗ ನಾರುಹುಣ್ಣು ಬಹಳ. ಮೆಟ್ಟಿಲು ಬಾವಿಗೆ ಜನ ಕಾಲಿಳಿಸಿ ನೀರು ತುಂಬುವರು, ಆ ನೀರು ಕುಡಿದವರ ಕಾಲಲ್ಲಿ ವರ್ಷದ ಮೇಲೆ ಬಿಳಿ ದಾರದಂಥ ಹುಳ ಹೊರಬರುವುದು. ಅದನ್ನು ಕಡ್ಡಿಗೆ ಸುತ್ತಿ ದಿನಾ ಒಂಚೂರು ಎಳೆಯುತ್ತ ಜನ ಜಗುಲಿಯ ಮೇಲೆ ನರಳುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೆವು. ಅದು ದೇವರ ಕಾಟವೆಂದೇ ತಿಳಿದಿದ್ದೆವು. "ದೇವರಿಗಿ ಬ್ಯಾರೆ ಕೆಲಸ ಅವ. ಅದು ನೀರಾಗಿಂದು. ಎರಡು ಪದರು ಅರಿವ್ಯಾಗ ಸೋಸಿ ಕುಡೀರಿ" ಎಂದರು ಉಸ್ತಾನಿಬೀ. ಮನೆಗೆ ಬಂದು ಹೇಳಿದೆ. ಅವ್ವ ಹಿಟ್ಟು ನಾದುತ್ತ, "ನಿಮ್ಮ ಉಸ್ತಾನಿ ನೀರಿಗೂ ಪರೀಕ್ಷಾ ಇಡ್ತಾಳೇನ?" ಎಂದಳು. ಮರುವಾರ ನೋಡಿದರೆ ಕೊಡದ ಬಾಯಿಗೆ ಅವಳ ಹಳೆಯ ಸೀರೆಯ ತುಂಡು, ಎರಡು ಪದರು ಮಾಡಿ ಕಟ್ಟಿತ್ತು. ನಾನು ಅದರ ಕಡೆ ನೋಡಿದೆ. "ಏನ ನೋಡ್ತಿ? ಕಸ ಬೀಳ್ತದಂತ ಕಟ್ಟೇನಿ" ಎಂದಳು. ಅವ್ವ ಹಾಗೆಯೇ. ಒಪ್ಪಿಕೊಂಡೆ ಎಂದು ಬಾಯಿಬಿಟ್ಟು ಹೇಳುವವಳಲ್ಲ.

ಭೂಗೋಳಕ್ಕೆ ಬಂದಾಗ ತೊಂದರೆಯಾಯಿತು. ಶಾಲೆಗಿದ್ದ ನಿಜಾಮರ ರಾಜ್ಯದ ಒಂದೇ ಗೋಡೆ ನಕಾಶೆ ಹಿಂದಿನ ವರ್ಷದ ಮಳೆಯಲ್ಲಿ ಸೋರಿ ಗೋಡೆಗೇ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಅರ್ಧ ರಿಯಾಸತ್ತು ಕೈಗೆ ಬಂತು, ಅರ್ಧ ಗೋಡೆಯಲ್ಲೇ ಉಳಿಯಿತು. ಹೊಸದು ಕೇಳಿದರೆ ಲಡಾಯಿ ಮುಗಿಯಲಿ ಎಂಬ ಜವಾಬು ಬಂತು. ಉಸ್ತಾನಿಬೀ ಹತ್ತಿರ ಅಂಗೈಯಗಲದ ನಕಾಶೆಯೊಂದು ಹಳೆಯ ಪುಸ್ತಕದಲ್ಲಿತ್ತು. ಅದನ್ನು ಒಬ್ಬೊಬ್ಬರಾಗಿ ನೋಡುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಒಂದು ದಿನ ನಾನು ಅದರ ಮೇಲೆ ಚುಕ್ಕಿ ಇಟ್ಟರೆ ಹೇಗೆ ಎಂದೆ. ರಂಗೋಲಿಗೆ ಇಡುವ ಹಾಗೆ ಸಾಲು ಸಾಲು ಚುಕ್ಕಿ. ಪುಸ್ತಕದಲ್ಲಿ ಸಣ್ಣ ಚುಕ್ಕಿ, ಅಂಗಳದಲ್ಲಿ ದೊಡ್ಡ ಚುಕ್ಕಿ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಹೋಗಿದೆ ಎಂದು ನೋಡಿಕೊಂಡರೆ ಆಯಿತು. ಉಸ್ತಾನಿಬೀ ಪುಸ್ತಕವನ್ನು ನನ್ನ ಕೈಗೇ ಕೊಟ್ಟು, "ಇಷ್ಟು ದಿನ ಎಲ್ಲಿ ಇಟ್ಟಿದ್ದಿ ಈ ಅಕಲು?" ಎಂದರು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ಅಂದಿನಿಂದ ಅಂಗಳದ ಒಂದು ಮೂಲೆಯಲ್ಲಿ ಚಾಪೆಯಗಲದ ನಕಾಶೆ ದಿನಾ ಬೀಳತೊಡಗಿತು. ಸುತ್ತ ಕೂತು, ಉದ್ದ ಕೋಲಿನಿಂದ ತೋರಿಸುತ್ತ ನಾವು ಊರು ಕಲಿತೆವು. ಮೇಲೆ ಗೋದಾವರಿ, ಕೆಳಗೆ ಕೃಷ್ಣಾ, ನಡುವೆ ನಮ್ಮ ಮಾಂಜ್ರಾ. ಪಡುವಣದ ಮೇಲ್ಗಡೆ ಔರಂಗಾಬಾದ, ಮೂಡಣಕ್ಕೆ ವರಂಗಲ್ಲು, ತೆಂಕಣದಲ್ಲಿ ರಾಯಚೂರು. ಮಳೆ ಹಿಂದೆ ಸರಿದು, ಜೋಳ ಮೊಣಕಾಲೆತ್ತರ ಬಂದು, ಬೆಳಗಿನ ಹೊತ್ತು ಕೆರೆಯ ಮೇಲೆ ಮಂಜು ಕೂರುವ ಹೊತ್ತಿಗೆ ನಾವು ಕಣ್ಣುಮುಚ್ಚಿಕೊಂಡು ಯಾವ ಊರಿನಿಂದ ಯಾವ ಊರಿಗೆ ಬೇಕಾದರೂ ಹೋಗಿ ಬರುವಷ್ಟಾಗಿದ್ದೆವು.

ತಪಾಸಣೆಗೆ ಹೈದರಾಬಾದಿನಿಂದ ಬಂದವರು ಒಬ್ಬ ಹೆಣ್ಣುಮಗಳೇ. ಕನ್ನಡಕ, ಗರಿಗರಿ ಸೀರೆ, ಕಾಲಲ್ಲಿ ಬೂಟು. ನಾವು ಅಷ್ಟು ದೊಡ್ಡ ಹುದ್ದೆಯ ಹೆಂಗಸನ್ನು ಕಂಡಿರಲಿಲ್ಲ. ಬಾಯಿಸಾಹೇಬರು ಎಂದು ಕರೆಯಬೇಕೆಂದು ಹೇಳಿಕೊಟ್ಟಿದ್ದರು. ಅವರು ಬರುತ್ತಾರೆಂದು ಉಸ್ತಾನಿಬೀ ಹುರುಪಿಗೆ ಬಿದ್ದು ನಕಾಶೆಯನ್ನು ಚಾಪೆಯಗಲದಿಂದ ಅಂಗಳದಗಲಕ್ಕೆ ಹಿಗ್ಗಿಸಿದರು. ನಸುಕಿನಲ್ಲೇ ನೆಲ ಸಾರಿಸಿ, ನಾನು, ಜುಬೇದಾ, ಇನ್ನಿಬ್ಬರು ಸೇರಿ ಗೋಡೆಯಿಂದ ಗೋಡೆಗೆ ಹಾಕಿದೆವು. ಊರೂರಿಗೆ ಕುಂಕುಮದ ಬೊಟ್ಟು, ನದಿಗಳಿಗೆ ನೀಲಿಯ ಪುಡಿ. ಸೊಂಟ ಬಿದ್ದುಹೋಗಿತ್ತು, ಆದರೆ ನೋಡಲು ಅಷ್ಟು ಚೆನ್ನಾಗಿತ್ತು.

ಉರ್ದು ಓದಿದೆವು, ಶಹಬಾಸ್ ಸಿಕ್ಕಿತು. ಲೆಕ್ಕಕ್ಕೂ ಸಿಕ್ಕಿತು. ಬಾಯಿಸಾಹೇಬರು ಪಡಸಾಲೆಯ ಅಂಚಿಗೆ ಬಂದು ನಕಾಶೆ ನೋಡಿ ಮುಗುಳ್ನಕ್ಕರು. ಉಸ್ತಾನಿಬೀ ಮುಖ ಅರಳಿತು. ಬಾಯಿಸಾಹೇಬರು ನನ್ನ ಕಡೆ ಬೆರಳು ಮಾಡಿ, "ಚಲೋ, ಬೀದರ್ ಪೆ ಖಡೀ ಹೋ ಜಾವ್" ಎಂದರು. ಬೀದರದ ಮೇಲೆ ಹೋಗಿ ನಿಲ್ಲು.

ನಿಲ್ಲುವುದು! ರಂಗೋಲಿಯ ಮೇಲೆ!

ನನಗೆ ನಡೆಯಲು ಬಂದಾಗಿನಿಂದ ಅವ್ವ ಹೇಳಿದ್ದ ಮೊದಲ ಮಾತೇ ಅದು, ರಂಗೋಲಿ ತುಳಿಯಬ್ಯಾಡ. ಬಾಗಿಲ ಮುಂದೆ ಹಾಕಿದ್ದನ್ನು ದಾಟಬೇಕಾದರೆ ಗೋಡೆಗೆ ಆತು ಪಕ್ಕದಿಂದ ಹೋಗುವುದು. ಗೊತ್ತಿಲ್ಲದೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಬೀದರ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ನನ್ನ ಕೈಯಾರೆ ಬೊಟ್ಟಿಟ್ಟಿದ್ದೆ. ಕಾಲು ಮಾತ್ರ ಏಳಲಿಲ್ಲ. ಬಾಯಿಸಾಹೇಬರು ಮತ್ತೊಮ್ಮೆ ಹೇಳಿದರು. ನಾನು ಅಳುವ ಹಾಗಾದೆ. ದೊಡ್ಡವರಿಗೆ ಎದುರು ಮಾತಾಡುವುದು ಇನ್ನೊಂದು ತಪ್ಪು. ಹೀಗೆ ಎರಡು ತಪ್ಪುಗಳ ನಡುವೆ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅವರು ಇನ್ನೊಬ್ಬಳನ್ನು ಕರೆದರು, ಅವಳೂ ನಿಂತಲ್ಲೇ ನಿಂತಳು. ಆಮೇಲೆ ಜುಬೇದಾಳನ್ನು ಕರೆದರು. ಅವಳ ಮನೆಯಲ್ಲಿ ರಂಗೋಲಿ ಇಲ್ಲ, ಅವಳಾದರೂ ಹೋಗುತ್ತಾಳೆಂದು ನಾನು ನೋಡಿದೆ. ಅವಳು ಸಲವಾರು ಮೇಲೆತ್ತಿ ಹಿಡಿದು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು! ನಮ್ಮ ಓಣಿಯಲ್ಲೇ ಬೆಳೆದವಳು, ನಮ್ಮವ್ವನ ಕೈಯಿಂದಲೇ ಬೈಸಿಕೊಂಡು ದೊಡ್ಡವಳಾದವಳು. "ಹೈದರಾಬಾದ ಮ್ಯಾಲ ಕಾಲಿಟ್ರ ನಿಜಾಮ ಹುಜೂರು ಬಿಡ್ತಾರೇನ?" ಎಂದು ನನ್ನ ಕಿವಿಯಲ್ಲಿ ಬೇರೆ ಅಂದಳು.

ಉಸ್ತಾನಿಬೀ ಏನೋ ಹೇಳಲು ಹೋದರು. ತಪಾಸಣೆಯಲ್ಲಿ ಕಲಿಸಿದವರು ಬಾಯಿ ಹಾಕಬಾರದು, ಅದು ಕಾಯಿದೆ. ಬಾಯಿಸಾಹೇಬರು ಕೈಯೆತ್ತಿ ತಡೆದರು. ಹುಡುಗಿಯರು ಚಿತ್ರ ಬರೆಯಲು ಕಲಿತಿದ್ದಾರೆ, ಭೂಗೋಳ ಕಲಿತಿಲ್ಲ, ಆರನೆಯ ಜಮಾತಿಗೆ ಇವರು ಮಂದ ಎಂದು ಹೇಳಿ, ವರದಿಯಲ್ಲೂ ಅದೇ ಶೇರಾ ಬರೆದು ಅವತ್ತೇ ಮಧ್ಯಾಹ್ನ ಹುಮನಾಬಾದಿಗೆ ಹೊರಟುಹೋದರು. ಅಲ್ಲಿಯ ಶಾಲೆಯ ತಪಾಸಣೆ ಮರುದಿನದಿಂದ ಇತ್ತು.

ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಯಾಕ, ಮಾರಿ ಇಳಿಬಿಟ್ಟಿ?" ಎಂದಳು. ಆದದ್ದೆಲ್ಲ ಹೇಳಿ ಅತ್ತೆ. ಅಪ್ಪ ಕೈಕಾಲು ತೊಳೆದು ಬಂದು ಕೇಳಿಸಿಕೊಂಡ. "ಹೋಗ್ಲಿ ಬಿಡು, ಒಂದು ಕೆಲಸ ಹಗುರಾತು" ಎಂದ. ತವೆಯ ಮೇಲಿನ ರೊಟ್ಟಿ ಕಪ್ಪಗಾಗುವುದು ಕಾಣಿಸಿತು. ಅವ್ವನ ರೊಟ್ಟಿ ಎಂದೂ ಸೀದದ್ದಿಲ್ಲ.

"ಏನಂದಳಾಕಿ? ಇನ್ನೊಮ್ಮೆ ಹೇಳು."

"ಮಂದ ಅಂದ್ರು."

"ನನ್ನ ಮಗಳಿಗಿ? ರಂಗೋಲಿ ತುಳೀಲಿಲ್ಲಂತ?"

ಅವ್ವನಿಗೆ ನನ್ನ ಓದಿನ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ. ರೊಟ್ಟಿ ಗುಂಡಗೆ ಬಂದರೆ ಸಾಕು ಎನ್ನುವವಳು. ಆದರೆ ತಾನು ಕಲಿಸಿದ್ದನ್ನು ಪಾಲಿಸಿದ್ದಕ್ಕೆ ಮಗಳು ಮಂದಳೆನಿಸಿಕೊಂಡಳಲ್ಲ, ಅದನ್ನು ಅವಳು ಬಿಡುವವಳಲ್ಲ. ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಬಹಳ ಮೆತ್ತಗೆ ಅಪ್ಪನಿಗೆ, "ನಾಳಿ ಹುಮನಾಬಾದಕ್ಕ ಹೋಗಿ ಬರ್ತೀನ್ರಿ. ಅಣ್ಣನ ಸಂಗಟ ಮಾತಾಡೂದದ. ನೀಲಾನೂ ಬರ್ಲಿ" ಎಂದಳು. ಅಪ್ಪ ಮದುವೆಯ ಮಾತಿಗೆ ಹೊರಟಳೆಂದು ತಿಳಿದು ಖುಷಿಯಿಂದ ಒಪ್ಪಿದ. ಸಾಮಾನ್ಯವಾಗಿ ಅವಳನ್ನು ತವರಿಗೆ ಕಳಿಸಬೇಕಾದರೆ ನಮ್ಮ ಮನೆಯಲ್ಲಿ ನೂರೆಂಟು ತಕರಾರು.

ನಸುಕಿನಲ್ಲಿ ಡಮಣಿ ಹೂಡಿಸಿದಳು. ಮುಚ್ಚಿಗೆಯ ಎತ್ತಿನ ಗಾಡಿ ಅದು. ಉಸ್ತಾನಿಬೀಯನ್ನು ದಾರಿಯಲ್ಲಿ ಹತ್ತಿಸಿಕೊಂಡಳು, ಹತ್ತಿಸಿಕೊಂಡಳು ಎನ್ನುವುದಕ್ಕಿಂತ ಎಳೆದು ಕೂರಿಸಿಕೊಂಡಳು. "ನನ್ನ ನೌಕರಿ ಹೋಗ್ತದ ಅಮ್ಮಾ" ಎಂದು ಅವರು ರಾಜೇಶ್ವರ ದಾಟುವವರೆಗೂ ಹೇಳುತ್ತಲೇ ಇದ್ದರು. "ಹೋದ್ರ ನಮ್ಮನಿಗಿ ಬರ್ರಿ. ನೀರು ಸೋಸೇ ಕುಡಿಯಾಕತ್ತೇವಿ ಈಗ" ಎಂದಳು ಅವ್ವ. ಗಾಡಿಯ ಸಂದಿಯಿಂದ ತೊಗರಿಯ ಹಳದಿ ಹೂ ಕಾಣುತ್ತಿತ್ತು. ನಾನು ಅವ್ವನ ಸೆರಗು ಹೊದ್ದುಕೊಂಡು ಕೂತಿದ್ದೆ.

ಮಾವನ ಮನೆಗೆ ಮಧ್ಯಾಹ್ನ ಮುಟ್ಟಿದೆವು. ಅವ್ವ ಬಂದಳೆಂದ ಕೂಡಲೇ ಮಾವ ಮರುದಿನ ಬೆಳಿಗ್ಗೆ ಅಯ್ಯನವರನ್ನು ಕರೆಸಿ ಮದುವೆಗೆ ದಿನ ನೋಡಿಸುವುದೆಂದ. ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬೆಳಿಗ್ಗೆ ಅತ್ತೆಯ ಹತ್ತಿರ ಒಂದು ಡಬ್ಬಿ ರಂಗೋಲಿ ಪುಡಿ ಇಸಿದುಕೊಂಡು, ಸೆರಗು ತಲೆಯ ಮೇಲೆ ಹೊದ್ದು, ನನ್ನನ್ನೂ ಉಸ್ತಾನಿಬೀಯನ್ನೂ ಕರೆದುಕೊಂಡು ಸೀದಾ ಅಲ್ಲಿಯ ಹುಡುಗಿಯರ ಶಾಲೆಗೆ ನಡೆದಳು. ಒಳಗೆ ತಪಾಸಣೆ ನಡೆದಿತ್ತು. ಅಂಗಳಕ್ಕೆ ನೀರು ಚಿಮುಕಿಸಿ, "ಹಾಕು" ಎಂದಳು ನನಗೆ. ಚುಕ್ಕಿ ಇಡಲು ಶುರು ಮಾಡಿದೆ. ಜವಾನ ಓಡಿ ಬಂದ.

"ಏ ಅಮ್ಮಾ, ಏನ ಮಾಡಾಕತ್ತೀರಿ ಇಲ್ಲಿ?"

"ಕಣ್ಣಿಲ್ಲೇನಪ್ಪಾ? ರಂಗೋಲಿ ಹಾಕಾಕತ್ತೇವಿ."

"ಸರ್ಕಾರಿ ಜಾಗಾ ಅದ!"

"ಅದನ್ನ ಹಾಕಾಕತ್ತೇವಿ. ನಿಮ್ಮ ಸರ್ಕಾರಾನ. ಸರಿ ಆಕಡಿ, ತುಳದಗಿಳದೀ."

ಅವನು ನಿಜವಾಗಿಯೂ ಸರಿದು ನಿಂತ. ಗದ್ದಲ ಕೇಳಿ ಬಾಯಿಸಾಹೇಬರು ಹೊರಗೆ ಬಂದರು. ಉಸ್ತಾನಿಬೀಯನ್ನು ಕಂಡು ಹುಬ್ಬು ಗಂಟಿಕ್ಕಿದರು. ಅವ್ವ ಮುಂದೆ ಹೋಗಿ ಕೈಮುಗಿದಳು. ಅವಳಿಗೆ ಉರ್ದು ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಉಸ್ತಾನಿಬೀ ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಹೇಳುತ್ತ ನಿಂತರು.

"ಬಾಯಿಸಾಹೇಬ್ರ, ರಂಗೋಲಿ ತುಳೀಬ್ಯಾಡಂತ ಇಕಿಗಿ ಹೇಳಿದಾಕಿ ನಾನು. ಇಕಿಗಿ ಎಲ್ಲಾ ಗೊತ್ತದ. ಕಾಲು ಎತ್ತಲಿಲ್ಲ, ಅಷ್ಟ. ಮಂದ ಅಂತ ಬರದೀರಿ, ಅದನ್ನ ಅಳಿಸ್ರಿ."

ಬಾಯಿಸಾಹೇಬರು ಅರ್ಥವಾಗದೆ ನಕಾಶೆಯನ್ನೂ ಅವ್ವನನ್ನೂ ನೋಡಿದರು. ಅವ್ವ ನನ್ನ ಕಡೆ ತಿರುಗಿದಳು. ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀರೆಯ ನಿರಿಗೆ ಎತ್ತಿ ಹಿಡಿದು, ಬಲಗಾಲನ್ನು ರಂಗೋಲಿಯೊಳಗೆ ಇಟ್ಟಳು. ಬೆಳ್ಳಿ ಕಾಲುಂಗುರದ ಬೆರಳುಗಳು ಬಿಳಿ ಪುಡಿಯ ಮೇಲೆ ಊರಿದವು.

"ಬಾ" ಎಂದಳು. "ತುಳಿ. ನಾನ ಹೇಳಾಕತ್ತೇನಲ್ಲ, ತುಳಿ."

ತುಳಿದೆ. ಬೀದರ ಎಂದರು ಬಾಯಿಸಾಹೇಬರು, ಹೋಗಿ ನಿಂತೆ. ವರಂಗಲ್ಲು ಎಂದರು, ಮೂರು ನಾಲ್ಕು ಹೆಜ್ಜೆಗೆ ಮುಟ್ಟಿದೆ. ಔರಂಗಾಬಾದ ಎಂದರು, ಗೋದಾವರಿಯ ಗುಂಟ ನಡೆದೆ. ಕೇಳುತ್ತ ಹೋದರು, ನಿಲ್ಲುತ್ತ ಹೋದೆ. ಮೊದಲು ಅಂಗಾಲು ಸುಟ್ಟ ಹಾಗಾಗುತ್ತಿತ್ತು, ಆಮೇಲೆ ಓಡಬೇಕೆನಿಸಿತು. ಬಾಯಿಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಉಸ್ತಾನಿಬೀ ಹತ್ತಿರ ಮಾತಾಡಿದರು. ಹಿಂದಿನ ಶೇರಾ ತೆಗೆಯುತ್ತೇನೆ, ಮುಂದಿನ ಸಾಲಿನಿಂದ ಕಲ್ಯಾಣಿಯಲ್ಲಿ ಆರನೆಯ ಜಮಾತು ನಡೆಸಿ ಎಂದರು. ಉಸ್ತಾನಿಬೀ ಅಲ್ಲೇ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಅವ್ವನಿಗೆ ಅದಾವುದೂ ಕೇಳಿಸಿದ ಹಾಗಿರಲಿಲ್ಲ. ಅವಳು ಮೊದಲು ಕಾಲಿಟ್ಟಲ್ಲೇ ನಿಂತಿದ್ದಳು.

"ನೀಲಾ, ನಾ ಎಲ್ಲಿ ನಿಂತೀನಿ?"

ಬಗ್ಗಿ ನೋಡಿದೆ. "ಹಿಮ್ಮಡ ನಮ್ಮೂರ ಮ್ಯಾಲ ಅದ, ಅವ್ವಾ."

"ಹುಮನಾಬಾದ?"

"ಬೆರಳಿನ ಕೆಳಗ."

ಅವಳು ಕಾಲೆತ್ತಲಿಲ್ಲ. ಕೆಳಗೆ ನೋಡುತ್ತ ನಿಂತಳು. "ಒಂದ ಪಾದದಾಗ ಎರಡೂ ಊರು" ಎಂದಳು. "ಇಷ್ಟ ಇಷ್ಟ ಹಾದಿಗಿ, ನಮ್ಮವ್ವ ಸತ್ತಾಗ ಮಣ್ಣಿಗಿ ಸುದ್ದಾ ಮುಟ್ಟಲಿಲ್ಲ ನೋಡು ನಾನು. ದೂರ ಅದ, ದೂರ ಅದ ಅಂದ್ರು ಎಲ್ಲಾರೂ." ಅವಳ ದನಿಯಲ್ಲಿ ಅಳು ಇರಲಿಲ್ಲ. ಆಮೇಲೆ ಸೀರೆಯನ್ನು ಇನ್ನೊಂಚೂರು ಮೇಲೆತ್ತಿಕೊಂಡು ಅಂದಳು, "ಇನ್ನೇನೇನ ಅದ ಇದರಾಗ? ತೋರಸು."

ತೋರಿಸಿದೆ. ಮಾಂಜ್ರಾ ದಾಟಿದಳು. ಗುಲಬರ್ಗಾಕ್ಕೆ ಹೋಗಿ ಬಂದಳು. ಕೃಷ್ಣೆಯ ದಂಡೆಯಲ್ಲಿ ನಿಂತು ಆಚೆ ಯಾರ ರಾಜ್ಯ ಎಂದು ಕೇಳಿದಳು. ಅವಳ ಹೆಜ್ಜೆಗೆ ಗೆರೆಗಳು ಅಳಿಸುತ್ತಿದ್ದವು, ಅದನ್ನೂ ಅವಳು ನೋಡಲಿಲ್ಲ. ಅಷ್ಟರಲ್ಲಿ ಮಾವ ಹುಡುಕಿಕೊಂಡು ಬಂದು ಶಾಲೆಯ ಬಾಗಿಲಲ್ಲಿ ನಿಂತ.

"ಏ ಶಿವಮ್ಮಾ, ಇಲ್ಲೇನ ಮಾಡಾಕತ್ತೀ? ಅಯ್ಯನವ್ರು ಬಂದು ಕುಂತಾರ, ದಿನಾ ನೋಡಾಕ!"

ಅವ್ವ ತಲೆ ಎತ್ತಲಿಲ್ಲ.

"ಅಯ್ಯನವರಿಗಿ ಶರಣು ಹೇಳಿ ಕಳಸ್ರಿ ಅಣ್ಣಾ" ಎಂದಳು. "ನಾ ಇನ್ನಾ ಹೈದರಾಬಾದ ನೋಡಿಲ್ಲ."